ಜಿಜಾ ದಿನಾ ಸಂಜೆ ಹೋಗುತ್ತಿದ್ದ ಮನೆ

ಕೇಶರಬಾಯಿಯ ದನಿ ಗೊತ್ತಿಲ್ಲದವರು ಔರಾದದಲ್ಲಿ ಇರಲಿಲ್ಲ. ಬುದ್ಧವಿಹಾರದ ಹಿಂದಿನ ಓಣಿಯಲ್ಲಿ ನಿಂತು ಅವಳು ಯಾರನ್ನಾದರೂ ಕರೆದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರೂ ತಿರುಗಿ ನೋಡುತ್ತಿದ್ದರು. ಹುಣ್ಣಿಮೆಯ ದಿನ ವಿಹಾರದಲ್ಲಿ ಮೈಕು ಕೈಕೊಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲ, ಅವಳನ್ನು ಮುಂದೆ ಕೂರಿಸಿದರೆ ಮುಗಿಯಿತು. ಜೋರು ಎಂದರೆ ಒರಟು ಎಂದಲ್ಲ. ತುಂಬಿದ ದನಿ, ಬೈದರೂ ಇನ್ನೊಂದಿಷ್ಟು ಬೈಯಲಿ ಅನಿಸುವಂಥ ದನಿ. "ಸಾವಕಾಶ ಮಾತಾಡ್ಲಿಕ್ಕಿ ನಿನಗ ಯಾರೂ ಕಲಿಸಿಲ್ಲೇನ?" ಎಂದು ಗಂಡ ಮಾಣಿಕ ಕೇಳಿದರೆ, "ಕಲಿಸ್ಯಾರ, ನನಗೇ ಕೇಳಿಸಿಲ್ಲ" ಎನ್ನುತ್ತಿದ್ದಳು.

ಅವಳು ಹಾಗೆ ಬಾಯಿಬಿಟ್ಟು ಮಾತಾಡುವುದಕ್ಕೆ ಕಾರಣವಿತ್ತು. ಒಬ್ಬಳೇ ಮಗಳು ಜಿಜಾಗೆ ಹುಟ್ಟಿನಿಂದ ಕಣ್ಣಿಲ್ಲ. ತಾಯಿ ಎಲ್ಲಿದ್ದಾಳೆಂದು ಆ ಕೂಸಿಗೆ ಗೊತ್ತಾಗಬೇಕಾದರೆ ತಾಯಿ ಮಾತಾಡುತ್ತಲೇ ಇರಬೇಕು. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ಬಟ್ಟೆ ಒಗೆಯುವಾಗ ಕೇಶರಬಾಯಿ ಒಂದಿಲ್ಲೊಂದು ಹೇಳುತ್ತಲೇ ಇದ್ದಳು. ಹೇಳುವುದೇನೂ ಇಲ್ಲದಿದ್ದರೆ ಹಿಟ್ಟಿಗೆ ಬೈಯುತ್ತಿದ್ದಳು, ಒಲೆಗೆ ಬೈಯುತ್ತಿದ್ದಳು. ಬೇರೆ ಮಕ್ಕಳು ತಾಯಿಯ ಮುಖ ನೋಡುತ್ತ ಬೆಳೆದರೆ ಜಿಜಾ ತಾಯಿಯ ದನಿ ಹಿಡಿದುಕೊಂಡು ಬೆಳೆದಳು. ಏಳು ತುಂಬಿದ ಮೇಲೆ ಅವಳನ್ನು ಬೀದರಿನ ಮೈಲೂರಿನಲ್ಲಿದ್ದ ಅಂಧ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಆಮೇಲೂ ಮನೆಯಲ್ಲಿ ಕೇಶರಬಾಯಿ ಒಬ್ಬಳೇ ಮಾತಾಡಿಕೊಳ್ಳುವುದನ್ನು ಬಿಡಲಿಲ್ಲ. ಓಣಿಯವರು ನಕ್ಕರು, ಅವಳು ನಗಲಿ ಬಿಡು ಎಂದಳು.

ಆ ಶಾಲೆಗೆ ಯಾರೋ ಪುಣ್ಯಾತ್ಮರು ಒಂದು ಕಂಪ್ಯೂಟರ್ ದಾನ ಕೊಟ್ಟರು. ಬಂದ ವಾರದಲ್ಲೇ ಅದರ ಪರದೆ ಆಫೀಸಿನ ಮೇಜಿಗೆ ಹೋಯಿತು. "ಕಣ್ಣಿಲ್ಲದವರಿಗಿ ಟೀವಿ ಯಾಕ?" ಎಂದನಂತೆ ಗುಮಾಸ್ತ. ಕಣ್ಣಿದ್ದವರ ನ್ಯಾಯ ಹೀಗೆಯೇ. ಕಂಪ್ಯೂಟರ್ ಕಲಿಸುವ ಜಹೀರೋದ್ದೀನ ಸರ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಒಯ್ರಿ ಸಾಬ, ಒಯ್ರಿ. ಮಾತಾಡೋ ಡಬ್ಬಿ ಒಂದು ಬಿಟ್ಟು ಹೋಗ್ರಿ" ಎಂದು ಸ್ಪೀಕರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವರು ಬೀದರಿನ ಹಳೇ ಊರಿನವರು, ಬಿದರಿ ಕೆಲಸದ ಮನೆತನ. ಹುಡುಗರಿದ್ದಾಗಲೇ ಕಣ್ಣು ಹೋಗಿ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದರು.

ಹೈದರಾಬಾದಿನ ಗೆಳೆಯರೊಬ್ಬರು ಅವರಿಗೆ ಒಂದು ಸೀಡಿ ಕೊಟ್ಟಿದ್ದರು. ಅದರ ತುಂಬ ಕಣ್ಣಿಲ್ಲದವರು ಕಿವಿಯಿಂದಲೇ ಆಡುವ ಆಟಗಳು. ಹಕ್ಕಿ ಎಡಗಿವಿಯಿಂದ ಬಲಗಿವಿಗೆ ಹಾರುತ್ತದೆ, ಸರಿಯಾಗಿ ನಡುವೆ ಬಂದಾಗ ಗುಂಡಿ ಒತ್ತಿದರೆ ಬಿತ್ತು. ಕಾರು ಓಡಿಸುವ ಆಟದಲ್ಲಿ ತಿರುವು ಬಂದರೆ ಟೈರು ಕಿರುಚುತ್ತದೆ, ಕಿರುಚಿದ ಕಡೆ ತಿರುಗಿಸಬೇಕು. ಕೆಂಪು ಬಸ್ಸು ಬಿಟ್ಟರೆ ಬೇರೆ ಗಾಡಿ ಹತ್ತಿ ಗೊತ್ತಿಲ್ಲದ ಮಕ್ಕಳು ಕಾರು ಓಡಿಸಿದರು, ಗುದ್ದಿಸಿದರು, ಬಿದ್ದು ಬಿದ್ದು ನಕ್ಕರು. ಆಟದೊಳಗಿನ ದನಿ ಮೂಗಿನಿಂದ ಇಂಗ್ಲಿಷ್ ಮಾತಾಡುತ್ತಿತ್ತು. ಅದು ಹೇಳಿದ್ದನ್ನು ಸರ್ ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಬಿಡಿಸಿ ಹೇಳುತ್ತಿದ್ದರು.

ಒಂದು ದಿನ ಜಿಜಾ ಕೇಳಿದಳು: "ಸರ, ಈ ಕಾರು ಔರಾದಕ್ಕ ಹೋಗ್ತದೇನ್ರಿ?"

ಸರ್ ನಕ್ಕರು. ನಕ್ಕ ಮೇಲೆ ಅದೇ ಮಾತು ತಲೆಯೊಳಗೆ ಕೊರೆಯತೊಡಗಿತು. ಔರಾದಕ್ಕೆ ಹೋಗುವ ಆಟ ಯಾರಾದರೂ ಮಾಡಿದರೆ ತಾನೇ ಇರುವುದು? ಅವರೇ ಮಾಡಲು ಕೂತರು. ಬಾಣದ ಗುರುತಿನ ಗುಂಡಿ ಒತ್ತಿದರೆ ಒಂದು ಹೆಜ್ಜೆ. ಎಡಕ್ಕೆ ಏನಿದೆಯೋ ಎಡಗಿವಿಗೆ, ಬಲಕ್ಕೆ ಏನಿದೆಯೋ ಬಲಗಿವಿಗೆ. ದಾರಿ ತಪ್ಪಿದರೆ ಗೋಡೆ ಢಬ್ಬೆನ್ನುತ್ತದೆ, ನಾಯಿ ಬೊಗಳುತ್ತದೆ. ಹಾಗೇ ಸದ್ದು ಹಿಡಿದುಕೊಂಡು ನಡೆದರೆ ಕೊನೆಗೆ ಮನೆ. ಒಬ್ಬೊಬ್ಬರಿಗೆ ಅವರವರ ಮನೆ, ಮನೆಯ ಬಾಗಿಲಲ್ಲಿ ಅವರವರ ತಾಯಿ. ಅದಕ್ಕಾಗಿ ಸರ್ ರಜೆ ಬಂದಾಗಲೆಲ್ಲ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಕಮಲನಗರಕ್ಕೆ, ಭಾಲ್ಕಿಗೆ ಬಸ್ಸು ಹತ್ತುತ್ತಿದ್ದರು.

ಮಳೆ ಕೈಕೊಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ದಸರೆಯ ಮುಂಚೆ ಅವರು ಔರಾದಕ್ಕೆ ಬಂದರು. ಓಣಿಯ ಬಾಯಲ್ಲಿ ನಿಂತು ಹಿಟ್ಟಿನ ಗಿರಣಿಯ ಸದ್ದು ಹಿಡಿದರು, ಯಾರದೋ ಎಮ್ಮೆಯ ಮುಂದೆ ಮೈಕು ಹಿಡಿದು ಅದು ಉಸಿರುಬಿಡುವ ತನಕ ಕಾದರು. ಕುರುಡ ಮಾಸ್ತರರು ಎಮ್ಮೆಯ ಸಂದರ್ಶನ ಮಾಡುತ್ತಿದ್ದಾರೆಂದು ಓಣಿಗೆ ಓಣಿಯೇ ಹೊರಗೆ ಬಂತು. ಕೊನೆಗೆ ಕೇಶರಬಾಯಿಯ ಮನೆಯ ಕಟ್ಟೆಗೆ ಬಂದು ಕೂತರು.

ಊರಿಗೆಲ್ಲ ಕೇಳುವಂತೆ ಮಾತಾಡುವ ಹೆಂಗಸಿಗೆ ಆ ಪುಟ್ಟ ಮೈಕಿನ ಮುಂದೆ ಬಾಯಿ ಕಟ್ಟಿತು. "ಏನ ಹೇಳ್ಲಿರಿ ಸರ? ನನಗ ಡಬ್ಬಿ ಜೋಡಿ ಮಾತಾಡಿ ರೂಢಿ ಇಲ್ರಿ."

"ಡಬ್ಬಿ ಮರತ್ ಬಿಡ್ರಿ ಬಾಯಿ. ಜಿಜಾ ಸಾಲಿಯಿಂದ ಬಂದು ಬಾಗಲದಾಗ ನಿಂತಾಳ. ಆಕಿಗಿ ಏನ ಅಂತೀರಿ, ಅದೇ ಅನ್ರಿ."

ಕೇಶರಬಾಯಿ ಎದ್ದು ಒಳಗೆ ಹೋದಳು, ತಂಬಿಗೆಯಲ್ಲಿ ನೀರು ತಂದಳು. ಮನೆಗೆ ಬಂದವರ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವುದು ಅವಳಿಗೆ ಗೊತ್ತಿರಲಿಲ್ಲ, ಆಟವಾದರೂ ಅಷ್ಟೇ. ಹೊಸ್ತಿಲ ಕೆಳಗಿನ ಕಲ್ಲಿನ ಮೇಲೆ ನೀರು ಸುರಿಯುತ್ತ ಅಂದಳು: "ಬಂದ್ಯಾ ನನ್ನವ್ವಾ? ಬಾ. ಕಾಲಿಗಿ ನೀರ ತಗೋ. ರೊಟ್ಟಿ ಬಿಸಿ ಅದ."

"ನೋಡ್ರಿ ಸರ!" ಮಾಣಿಕ ಹಣೆ ಹಣೆ ಬಡಿದುಕೊಂಡ. "ಟ್ಯಾಂಕರ್ ಬಂದು ವಾರ ಆತು. ಇಕಿ ಡಬ್ಬಿ ಕಾಲ ತೊಳಿಲತ್ತಾಳ!"

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಣಿಕ ಬಾಯಿ ತೆರೆಯುವ ಮೊದಲೇ ಟೇಪು ನಿಲ್ಲಿಸಿದ್ದರು, ಹಾಗಾಗಿ ಆಟದೊಳಗೆ ಹೋದದ್ದು ನೀರು ಬಿದ್ದ ಸದ್ದು ಮತ್ತು ಕೇಶರಬಾಯಿ ಮಾತ್ರ.

ಮಾಣಿಕನದು ಮಾರ್ಕೆಟ್ಟಿನಲ್ಲಿ ಹಮಾಲಿ. ಹೊಲದಲ್ಲಿ ಬೆಳೆದರೆ ಚೀಲ, ಚೀಲ ಬಂದರೆ ಬೆನ್ನಿಗೆ ಕೆಲಸ. ಆ ವರ್ಷ ಮಾರ್ಕೆಟ್ಟಿನ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ದೀಪಾವಳಿ ಮುಗಿಯುತ್ತಲೇ ಓಣಿಯ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಕೆಲವರು ಪುಣೆಗೆ, ಕೆಲವರು ಹೈದರಾಬಾದಿಗೆ. ಹೈದರಾಬಾದಿನ ಆಚೆಯ ಗುಡ್ಡದಲ್ಲಿ ಕಲ್ಲು ಒಡೆದು ಖಡಿ ಮಾಡುವ ಮಷಿನ್ನಿಗೆ ಆಳು ಬೇಕೆಂದು ಮುಕಾದಮನೊಬ್ಬ ಬಂದ. ಗಂಡಹೆಂಡತಿ ಇಬ್ಬರೂ ಹೊರಟರು. ಹೋಗುವ ಮೊದಲು ಕೇಶರಬಾಯಿ ಮೈಲೂರಿಗೆ ಬಂದು ಮಗಳ ತಲೆಗೆ ಎಣ್ಣೆ ಹಚ್ಚಿದಳು. "ಉಗಾದಿಗಿ ಬರ್ತೇನಿ ನನ್ನವ್ವಾ. ಬಂದು ಮನಿಗಿ ಕರ್ಕೊಂಡು ಹೋಗ್ತೇನಿ" ಎಂದಳು. ಉಗಾದಿಗೆ ಬರುವುದು ಖರೆಯೆಂದೇ ಅಂದುಕೊಂಡಿದ್ದಳು.

ಮುಕಾದಮ ತನ್ನ ಆಳುಗಳನ್ನೆಲ್ಲ ಭಾಲ್ಕಿ ಸ್ಟೇಶನ್ನಿನಲ್ಲಿ ಕೂಡಿಸಿ ಪ್ಯಾಸೆಂಜರ್ ಗಾಡಿಗೆ ತುಂಬಿದ. ಆ ಗಾಡಿ ಬೀದರಿನ ಮೇಲಿಂದಲೇ ಹೋಗುವುದು. ಬೀದರಿನಲ್ಲಿ ಗಾಡಿ ನಿಂತಾಗ ಕೇಶರಬಾಯಿ ಬಾಗಿಲಿಗೆ ಬಂದು ನಿಂತಳು. ಮೈಲೂರು ಅಲ್ಲಿಂದ ಎಷ್ಟು ಮಹಾ ದೂರ? ಇಳಿದು ಓಡಿಬಿಡಲೇ ಎನಿಸಿತು. ಇಳಿಯಲಿಲ್ಲ. ಬಾಗಿಲ ಸರಳು ಹಿಡಿದು, ಎದೆ ತುಂಬ ಉಸಿರು ಎಳೆದು, "ಜಿಜಾ" ಎಂದು ಕೂಗಿದಳು. ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು. ಗಾಡಿ ಬಿಟ್ಟಿತು. "ಮಂದಿ ನಗಲತ್ತಾರ, ಒಳಗ ಬಾ" ಎಂದು ಮಾಣಿಕ ಸೆರಗು ಎಳೆದ. ಅವಳು ಒಳಗೆ ಬಂದು ಗಂಟಿನ ಮೇಲೆ ಕೂತು ಅತ್ತಳು.

ಖಡಿ ಮಷಿನ್ನಿನ ಬಾಯಿಗೆ ಕಲ್ಲು ಹಾಕಿದರೆ ಬಿಳಿ ಹಿಟ್ಟಿನಂಥ ಧೂಳು ಏಳುತ್ತಿತ್ತು. ಹುಬ್ಬು ಬಿಳಿ, ಕೂದಲು ಬಿಳಿ, ಉಗುಳಿದರೆ ಉಗುಳೂ ಬಿಳಿ. ಆ ಮಷಿನ್ನಿನ ಗದ್ದಲದ ಮೇಲೆ ಮಾತಾಡಬಲ್ಲವಳು ಕೇಶರಬಾಯಿ ಒಬ್ಬಳೇ ಎಂದು ಎಲ್ಲರ ಮಾತನ್ನೂ ಅವಳ ಬಾಯಿಂದಲೇ ಕೂಗಿಸುತ್ತಿದ್ದರು. ಕಲ್ಲು ನಿಲ್ಲಿಸು, ಕಲ್ಲು ಹಾಕು, ಕೂಸು ಅತ್ತಿತು, ಊಟದ ಹೊತ್ತಾಯಿತು. ಉಗಾದಿ ಬಂತು. ಮುಕಾದಮ ರಜೆ ಕೊಡಲಿಲ್ಲ. ಅದೇ ತಿಂಗಳು ಮಾಣಿಕನ ಕಾಲ ಮೇಲೆ ಬಂಡೆ ಉರುಳಿ, ಅವನನ್ನು ಎಬ್ಬಿಸಿ ಕೂರಿಸುವುದರಲ್ಲೇ ಮಳೆಗಾಲ ಕಳೆಯಿತು. ಅಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತ್ತು.

ಮೊದಮೊದಲು ರಸ್ತೆಯ ಎಸ್‌ಟಿಡಿ ಅಂಗಡಿಯಿಂದ ಶಾಲೆಗೆ ಫೋನು ಮಾಡುತ್ತಿದ್ದಳು. ತಾಯಿಮಗಳು ದುಡ್ಡು ತೀರುವ ತನಕ ಮಾತಾಡುತ್ತಿದ್ದರು. ಕೆಮ್ಮು ಹತ್ತಿದ ಮೇಲೆ ಒಮ್ಮೆ ಮಾಡಿದಳು. "ಜಿಜಾ, ನಾ ಅವ್ವ" ಎಂದು ಹೇಳುವಷ್ಟರಲ್ಲಿ ಕೆಮ್ಮು ಬಂದು ಉಸಿರು ಕಟ್ಟಿತು. ಆ ಕಡೆ ಮಗಳ ಉಸಿರು ಕೇಳುತ್ತಿತ್ತು, ಮಾತಿಲ್ಲ. ಆಮೇಲೆ ಯಾರೋ ಮೆಲ್ಲಗೆ ಫೋನು ಇಟ್ಟ ಸದ್ದು. ಲೈನು ಕಟ್ಟಾಯಿತು ಎಂದುಕೊಂಡಳು. ಮುಂದೆ ಮಷಿನ್ನೇ ಒಳಗಿನ ಗುಡ್ಡಕ್ಕೆ ಹೋಯಿತು, ಅಲ್ಲಿ ಫೋನು ಎಲ್ಲಿಂದ ಬರಬೇಕು? ದವಾಖಾನೆಯಲ್ಲಿ ಟೀಬಿ ಎಂದು ಗುಳಿಗೆ ಕೊಟ್ಟರು. ನುಂಗಿದಳು. ಕೆಮ್ಮು ಹಾಗೇ ಇತ್ತು, ದನಿ ಮಾತ್ರ ದಿನಕ್ಕಿಷ್ಟು ಸವೆಯುತ್ತ ಹೋಯಿತು. ಅದು ಎಂದು ಹೋಯಿತೋ ಅವಳಿಗೂ ಗೊತ್ತಾಗಲಿಲ್ಲ. ಗಂಟಲಿಗೆ ಧೂಳು ಕೂತಿದೆ, ಊರಿಗೆ ಹೋಗಿ ಅರಿಷಿಣ ಹಾಲು ಕುಡಿದರೆ ಇಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಮತ್ತೊಂದು ಉಗಾದಿಯೂ ದಾಟಿ ಮಿರಗದ ಮಳೆ ಬಿದ್ದಿದೆ ಎಂಬ ಸುದ್ದಿ ಬಂದಾಗ ಇಬ್ಬರೂ ಊರಿಗೆ ಹೊರಟರು. ಮಾಣಿಕ ಕುಂಟುತ್ತ ನೇರ ಔರಾದಕ್ಕೆ ಹೋದ, ಮನೆಯ ತಗಡು ಸರಿಮಾಡಬೇಕಿತ್ತು. ಕೇಶರಬಾಯಿ ಬೀದರಿನಲ್ಲಿ ಇಳಿದು ಮೈಲೂರಿನ ದಾರಿ ಹಿಡಿದಳು. ಗೇಟಿನಲ್ಲಿ ಮೊದಲಿದ್ದ ಮುದುಕ ಕಾವಲುಗಾರ ಉಸ್ಮಾನ ಮಿಯಾ ಇರಲಿಲ್ಲ. ಹೊಸಬನೊಬ್ಬ ಹೆಸರು ಕೇಳಿ ಒಳಗೆ ಬಿಟ್ಟ. ಸಂಜೆಯ ಹೊತ್ತು, ಮಗಳು ಕಂಪ್ಯೂಟರ್ ಕೋಣೆಯಲ್ಲಿದ್ದಾಳೆ ಎಂದು ಅಡಿಗೆಯ ಸಖುಬಾಯಿ ಹೇಳಿದಳು.

ಜಿಜಾ ಬೆಳೆದಿದ್ದಳು. ಪರದೆಯಿಲ್ಲದ ಮೇಜಿನ ಮುಂದೆ ನೆಟ್ಟಗೆ ಕೂತು ಗುಂಡಿ ಒತ್ತುತ್ತಿದ್ದಳು. ಎರಡು ಜಡೆ ಯಾರು ಹಾಕಿದ್ದರೋ, ಚಂದ ಹಾಕಿದ್ದರು. ಕೇಶರಬಾಯಿ ಬಾಗಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕೂಡಿಸಿಟ್ಟ ಮಾತೆಲ್ಲ ಮರೆತುಹೋಯಿತು. "ಬಂದೆ ನನ್ನವ್ವಾ" ಎಂದಳು.

ಮಗಳ ಬೆರಳು ನಿಂತಿತು. ತಲೆ ತಿರುಗಲಿಲ್ಲ. "ಯಾರ್ರಿ?" ಎಂದಳು.

"ನಾ, ಅವ್ವ."

"ನಿಮಗ ಯಾರು ಬೇಕಿತ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೆತ್ತ ತಾಯಿಗೆ ಪರಸ್ಥಳದವಳಿಗೆ ಅನ್ನುವಂತೆ ರೀ ಎಂದಳಲ್ಲ ಮಗಳು, ಅದು ಕೇಶರಬಾಯಿಯ ಎದೆಗೆ ನಾಟಿತು. ಹತ್ತಿರ ಹೋಗಿ ತಲೆ ಮುಟ್ಟಿದಳು. ಹುಡುಗಿ ಕುರ್ಚಿಯೊಳಗೇ ಮುದುಡಿಕೊಂಡಳು. "ಮುಟ್ಟಬ್ಯಾಡ್ರಿ. ನಮ್ಮವ್ವ ಔರಾದದಾಗ ಅದಾಳ."

ಹಿಂದಿನಿಂದ ಬಂದ ಸಖುಬಾಯಿ ರೇಗಿದಳು. "ಹುಚ್ಚಿ, ನಿನ್ನ ಅವ್ವನೇ ಅದಾಳಲ್ಲ! ನಾ ಕಣ್ಣಿಲೆ ನೋಡಲತ್ತೀನಿ."

"ನಿಮಗ ಕಣ್ಣಿಲೆ ಗೊತ್ತಾಗ್ತದ. ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದಳು ಜಿಜಾ.

ಜಹೀರೋದ್ದೀನ ಸರ್ ಕೋಣೆಯ ಮೂಲೆಯಲ್ಲೇ ಇದ್ದರು. ಅವರೂ ಆ ದನಿಗೆ ಕಿವಿಗೊಟ್ಟಿದ್ದರು. "ಕೇಶರಬಾಯಿ?" ಎಂದರು. ಅವರ ದನಿಯಲ್ಲಿ ಅನುಮಾನವಿತ್ತು. ಆ ಅನುಮಾನ ಕೇಳಿದ ಮೇಲೆ ಕೇಶರಬಾಯಿಗೆ ಮಗಳ ಮೇಲೆ ಸಿಟ್ಟು ಉಳಿಯಲಿಲ್ಲ, ಭಯ ಹುಟ್ಟಿತು. "ನಾನೇ ರಿ ಸರ" ಎಂದಳು. ಸರ್ ತಲೆ ಕೆಳಗೆ ಹಾಕಿದರು. "ನಾಕು ದಿನ ಇರ್ರಿ ಬಾಯಿ. ಸಾವಕಾಶ ರೂಢಿ ಆಗ್ತದ."

ಅವಳು ಸಖುಬಾಯಿಯ ಕೋಣೆಯಲ್ಲೇ ಉಳಿದಳು. ಬೆಳಗ್ಗೆ ಮಕ್ಕಳಿಗೆ ರೊಟ್ಟಿ ಬಡಿದಳು, ಪಾತ್ರೆ ತಿಕ್ಕಿದಳು. ಜಿಜಾ ತಾಟು ಹಿಡಿದು ಬಂದರೆ ಎಲ್ಲರಿಗಿಂತ ಬಿಸಿ ರೊಟ್ಟಿ ಅವಳ ತಾಟಿಗೆ. "ಥ್ಯಾಂಕ್ಸ್ ರಿ" ಎಂದು ಹುಡುಗಿ ಹೋಗಿಬಿಡುತ್ತಿದ್ದಳು. ಕೇಶರಬಾಯಿ ಅವಳ ಕೈ ಹಿಡಿದು ತನ್ನ ಬಳೆ ಮುಟ್ಟಿಸಿ ನೋಡಿದಳು, ಚಿಕ್ಕಂದಿನ ಮಾತೆಲ್ಲ ಎತ್ತಿ ನೋಡಿದಳು. ಜಿಜಾ ಎಲ್ಲವನ್ನೂ ಕೇಳಿಸಿಕೊಂಡು, "ಹೌದೇನ್ರಿ" ಎಂದು ನಯವಾಗಿ ಹೇಳುತ್ತಿದ್ದಳು. ಅಷ್ಟು ನಯ ಎಲ್ಲಿ ಕಲಿತಳೋ, ಆ ಓಣಿಯಲ್ಲಂತೂ ಕಲಿಯಲಿಲ್ಲ.

ಒಂದು ಸಂಜೆ ಕೇಶರಬಾಯಿ ಕಂಪ್ಯೂಟರ್ ಕೋಣೆಯ ಹೊರಗೆ ಜೋಳ ಹಸನು ಮಾಡುತ್ತ ಕೂತಿದ್ದಳು. ಒಳಗಿನಿಂದ ಬಸ್ಸಿನ ಸದ್ದು, ಗಿರಣಿ, ಎಮ್ಮೆ. ಆಮೇಲೆ ನೀರು ಸುರಿದ ಸದ್ದಾಗಿ ಒಬ್ಬ ಹೆಂಗಸು ಕರೆದಳು: "ಬಂದ್ಯಾ ನನ್ನವ್ವಾ? ಬಾ. ಕಾಲಿಗಿ ನೀರ ತಗೋ. ರೊಟ್ಟಿ ಬಿಸಿ ಅದ."

ಎಷ್ಟು ಛಲೋ ದನಿ, ಯಾರಿರಬಹುದು ಇವಳು ಎಂದುಕೊಂಡಳು ಕೇಶರಬಾಯಿ. ಮರುಕ್ಷಣ ಮೊರದ ಮೇಲಿನ ಕೈ ನಿಂತಿತು.

ಒಳಗೆ ಜಿಜಾ ಗುಂಡಿ ಒತ್ತಿದಳು. ಅದೇ ದನಿ ಮತ್ತೆ ಕರೆಯಿತು. ಮತ್ತೆ ಒತ್ತಿದಳು, ಮತ್ತೆ ಕರೆಯಿತು. "ಬಂದೇ ಅವ್ವಾ" ಎಂದು ಹುಡುಗಿ ಮೆಲ್ಲಗೆ ಓಗೊಡುತ್ತಿದ್ದಳು. ಬೇರೆ ಮಕ್ಕಳು ಮನೆ ಮುಟ್ಟಿದರೆ ಗೆದ್ದೆವೆಂದು ಚಪ್ಪಾಳೆ ತಟ್ಟಿ ಎದ್ದುಹೋಗುತ್ತಿದ್ದರು. ಜಿಜಾ ಮನೆ ಮುಟ್ಟಿದ ಮೇಲೆಯೇ ಕೂರುವವಳು, ಊಟದ ಗಂಟೆ ಹೊಡೆಯುವ ತನಕ ಅಲ್ಲೇ.

ಕೇಶರಬಾಯಿ ಮೊರ ಬದಿಗೆ ಸರಿಸಿದಳು. ತನಗೆ ತಾನೇ ಸವತಿಯಾಗಿ ಕೂತಿದ್ದಳಲ್ಲ ಆ ಡಬ್ಬಿಯೊಳಗೆ! ಅವಳಿಗೆ ಕೆಮ್ಮಿಲ್ಲ, ದಣಿವಿಲ್ಲ. ಅವಳು ಯಾವ ಗುಡ್ಡಕ್ಕೂ ಹೋಗಲಿಲ್ಲ, ಕೊಟ್ಟ ಮಾತು ತಪ್ಪಲಿಲ್ಲ. ಕರೆದಾಗಲೆಲ್ಲ ಬಾಗಿಲಿಗೆ ಬರುತ್ತಾಳೆ. ಅಂಥವಳನ್ನು ಬಿಟ್ಟು ಈ ಗೊಗ್ಗರು ದನಿಯವಳನ್ನು ಯಾವ ಮಗಳು ಅವ್ವಾ ಎನ್ನುತ್ತಾಳೆ? ಮರುದಿನ ಮಕ್ಕಳು ಪಾಠದಲ್ಲಿದ್ದಾಗ ಸರ್ ಬಳಿ ಹೋಗಿ ನಿಂತಳು.

"ಸರ, ಆ ದನಿ ತಗೀರಿ. ಈಗಿಂದು ಹಾಕ್ರಿ."

ಸರ್ ಡಬ್ಬಿಯ ಮೇಲೆ ಕೈ ಇಟ್ಟರು. "ಬಾಯಿ, ಆ ಕ್ಯಾಸೆಟ್ ಅಳಿಸಿ ಅದರ ಮ್ಯಾಲ ಬ್ಯಾರೆ ಮಕ್ಕಳ ಮನಿ ಸದ್ದು ಹಿಡದೀನಿ. ಆ ದನಿ ಈಗ ಈ ಡಬ್ಬಿಯಾಗಷ್ಟೇ ಅದ. ತೆಗೆದ್ರ ಹೋತು, ಮತ್ತ ಬರಂಗಿಲ್ಲ. ಹಂಗಾಗಿ ಅದನ್ನ ಬಾಜೂಕ ಇಡ್ತೇನಿ, ನೀವು ಹೇಳೋ ತನಕ."

"ಎಲ್ಲಿ ಬೇಕಾರ ಇಡ್ರಿ. ನನ್ನ ಮಗಳಿಗಿ ಕೇಳಬಾರದು. ಆ ಬಾಗಲದಾಗ ದಿನಾ ನನ್ನ ಈ ದನಿ ಕೇಳಿದ್ರ ರೂಢಿ ಆಗ್ತದ, ನೀವೇ ಅಂದೀರಿ."

ತಾಯಿಗೆ ಇಲ್ಲ ಎನ್ನಲು ಸರ್‌ಗೆ ಬಾಯಿ ಬರಲಿಲ್ಲ. ಮೈಕು ತಂದರು. ಸಖುಬಾಯಿ ತಂಬಿಗೆ ಹಿಡಿದು ನಿಂತಳು. ಮೊದಲ ಸಲ "ಬಂದ್ಯಾ" ಎನ್ನುವಷ್ಟರಲ್ಲೇ ಕೆಮ್ಮು. ಎರಡನೆಯ ಸಲ ನೀರು ಸುರಿದು ಮುಗಿಯಿತು, ಮಾತು ಮುಗಿಯಲಿಲ್ಲ. ಆಮೇಲೆ ಎಷ್ಟು ಸಲವೋ. ಕೊನೆಗೆ ಒಂದು ಸಲ ಎಲ್ಲ ಮಾತೂ ಬಂತು, ತುದಿಗೆ ಒಂದು ಸಣ್ಣ ಕೆಮ್ಮು ಉಳಿಯಿತು. "ಇರ್ಲಿ ಬಿಡ್ರಿ, ಸಣ್ಣದೇ ಅದಲ್ಲ" ಎಂದಳು ಕೇಶರಬಾಯಿ. ಬೆವರು ಒರೆಸಿಕೊಂಡಳು. ಅವಳಿಗೆ ಒಂದಿಷ್ಟು ಖುಷಿಯೇ ಆಗಿತ್ತು.

ಸಂಜೆ ಜಿಜಾ ಬಂದು ಕೂತಳು. ಕೇಶರಬಾಯಿ ಗೋಡೆಗೆ ಒರಗಿ ನಿಂತಳು, ಸೆರಗು ಬಾಯಿಗೆ ಒತ್ತಿಕೊಂಡು. ಬಸ್ಸು ಹೊರಟುಹೋಯಿತು. ಗಿರಣಿ ಎಡಕ್ಕೆ ಬಂತು, ಹಿಂದೆ ಸರಿಯಿತು. ಬಲಕ್ಕೆ ಎಮ್ಮೆ ಉಸಿರುಬಿಟ್ಟಿತು. ಹುಡುಗಿ ಕಾಲು ಅಲ್ಲಾಡಿಸುತ್ತ, ತುಟಿಯಂಚಿನಲ್ಲಿ ನಗುತ್ತ, ಒಂದೂ ಹೆಜ್ಜೆ ತಪ್ಪದೆ ಓಣಿಯೊಳಗೆ ಹೋದಳು. ನೀರು ಬಿತ್ತು.

"ಬಂದ್ಯಾ ನನ್ನವ್ವಾ? ಬಾ. ಕಾಲಿಗಿ ನೀರ ತಗೋ. ರೊಟ್ಟಿ ಬಿಸಿ ಅದ." ಆಮೇಲೆ ಆ ಕೆಮ್ಮು.

ಜಿಜಾ ಗುಂಡಿಯನ್ನು ಮತ್ತೆ ಒತ್ತಿದಳು. ಅದೇ ದನಿ, ಅದೇ ಕೆಮ್ಮು. ಹಿಂದಕ್ಕೆ ಹೋಗಿ ಬಸ್‌ಸ್ಟ್ಯಾಂಡಿನಿಂದ ಮತ್ತೆ ನಡೆದು ಬಂದಳು, ದಾರಿ ತಪ್ಪಿ ಬೇರೆ ಮನೆಗೆ ಹೊಕ್ಕೆನೋ ಎನ್ನುವಂತೆ. ಬಾಗಿಲಲ್ಲಿ ಅದೇ. ಆಗ ಅವಳ ಮುಖ ಕಿವುಚಿಕೊಂಡಿತು.

"ಮನಿಯೊಳಗೂ ಬಂತೇನ್ರಿ ಸರ ಇದು?" ಎಂದಳು.

"ಏನು ಬೇಟಿ?"

"ಉಸ್ಮಾನ ಚಾಚಾಂದು. ಚಾಚಾ ಖಡಿ ಮಷಿನ್ನಿಗಿ ದುಡಿದು ಬಂದಿದ್ರಲ್ಲ, ಹಿಂಗೇ ಕೆಮ್ಮತಿದ್ರು. ಮೊದಲ ಮಾತಿನ ತುದಿಗಷ್ಟೇ ಸಣ್ಣ ಕೆಮ್ಮು. ಆಮ್ಯಾಲ ಮಾತಿನ ನಡಕ. ಆಮ್ಯಾಲ ಮಾತೇ ಇಲ್ಲ. ಆರಾಮ ಆಗ್ತಾರ ಅಂತ ನೀವೇ ಅಂದ್ರಿ. ಸಂಕ್ರಾಂತಿಗಿ ಸತ್ರು." ಹುಡುಗಿಯ ದನಿ ಒಡೆಯಿತು. "ಫೋನಿನ್ಯಾಗೇ ಕೇಳಿತ್ತು ನನಗ. ಅದಕ್ಕೇ ಇಟ್ಟೆ. ಇಲ್ಲಿ ಬಂದು ಬಾಗಲದಾಗ ನಿಂತಾಗೂ ಗೊತ್ತಾತು. ಇವರು ಅವ್ವ ಅಲ್ಲ ಅಂತ ನಾ ಅಂದ್ರ, ಈ ಕೆಮ್ಮೂ ಅವ್ವಂದು ಅಲ್ಲ ಆಗ್ತದ ಅಂತ ಮಾಡಿದ್ದೆ. ದಿನಾ ಮನಿಗಿ ಹೋಗ್ತಿದ್ದೆ ಸರ. ಅಲ್ಲಿ ಅವ್ವ ಆರಾಮ ಇದ್ದಳು. ಈ ಕೆಮ್ಮು ಅಲ್ಲಿಗಿ ಯಾಕ ತಂದ್ರಿ?"

ಸರ್ ಎರಡೂ ಕೈ ಮುಖಕ್ಕೆ ಒತ್ತಿಕೊಂಡರು. ಬಾಗಿಲಲ್ಲಿದ್ದ ಸಖುಬಾಯಿ ಗಟ್ಟಿಯಾಗಿ ಅತ್ತುಬಿಟ್ಟಳು. ಕೇಶರಬಾಯಿ ಅಳಲಿಲ್ಲ. ದವಾಖಾನೆಯ ಡಾಕ್ಟರು ಹೇಳದಿದ್ದುದನ್ನು, ತಾನು ಅರಿಷಿಣ ಹಾಲಿನ ಆಸೆಯಲ್ಲಿ ಮುಚ್ಚಿಟ್ಟುಕೊಂಡಿದ್ದುದನ್ನು ಹನ್ನೊಂದು ವರ್ಷದ ಕೂಸು ಹೇಳಿಬಿಟ್ಟಿತ್ತು. ಮಗಳ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಏನೂ ಇಲ್ಲ ನನ್ನವ್ವಾ. ಧೂಳ ಅದ. ಮಳಿ ಬಂತಲ್ಲ, ಇಳೀತದ."

ಜಿಜಾ ಕುರ್ಚಿಯಿಂದ ಇಳಿದಳು. ತಡವುತ್ತ ತಾಯಿಯ ಹೆಗಲು ಹಿಡಿದು, ಎದೆಗೆ ಕಿವಿ ಹಚ್ಚಿದಳು. ಬೇರೆ ಮಕ್ಕಳು ಬಹಳ ದಿನದ ಮೇಲೆ ಬಂದ ತಾಯಿಯ ಮುಖವನ್ನು ನೋಡುವಷ್ಟು ಹೊತ್ತು ಅವಳು ಆ ಎದೆಯನ್ನು ಕೇಳಿದಳು.

"ಸುಳ್ಳ ಹೇಳಬ್ಯಾಡ ಅವ್ವಾ" ಎಂದಳು. "ಕೇಳಸ್ತದ."

ಈ ಒಂದು ಮಾತಿಗಾಗಿ, ಅವ್ವಾ ಎಂಬ ಈ ಒಂದು ಮಾತಿಗಾಗಿ ಕೇಶರಬಾಯಿ ಊರಿಗೂ ಹೋಗದೆ ಬಂದಿದ್ದಳು, ಪಾತ್ರೆ ತಿಕ್ಕಿದ್ದಳು, ತನ್ನ ದನಿಯನ್ನೇ ತಾನು ಹೊರಗೆ ಹಾಕಿಸಿದ್ದಳು. ಈಗ ಅದು ಬಂತು. ಬಂದ ಮೇಲೆ, ಅದು ಬಾರದಿದ್ದರೇ ಚೆನ್ನಾಗಿತ್ತು ಎನಿಸಿತು. ಮಗಳು ರೀ ಎನ್ನುತ್ತಿದ್ದಷ್ಟು ದಿನ ಅವಳ ತಾಯಿ ಎಲ್ಲೋ ಆರಾಮವಾಗಿದ್ದಳು. ಅವ್ವಾ ಎಂದ ಗಳಿಗೆಗೆ ಹುಡುಗಿ ತಾಯಿಯನ್ನು ಕಳೆದುಕೊಳ್ಳುವುದಕ್ಕೂ ಒಪ್ಪಿಕೊಂಡಿದ್ದಳು.

ಸರ್ ಗುಂಡಿಗಳ ಕಡೆ ಕೈ ಚಾಚಿದರು. "ಬೇಟಿ, ಮೊದಲಿನ ದನಿ ಇಟ್ಟೀನಿ. ಈಗೇ ಹಾಕ್ತೇನಿ. ಮಾಫ್ ಮಾಡು."

"ಬ್ಯಾಡ್ರಿ ಸರ" ಎಂದಳು ಜಿಜಾ, ಕಿವಿ ತೆಗೆಯದೆ. "ಇದೇ ಇರ್ಲಿ. ನಾಳಿ ಇದೂ ಇರಂಗಿಲ್ಲ."

ಕೇಶರಬಾಯಿಗೆ ಒಳಗಿನಿಂದ ಕೆಮ್ಮು ಒತ್ತಿಕೊಂಡು ಬಂತು. ರೂಢಿಯಂತೆ ಸೆರಗು ಬಾಯಿಗೆ ಹೋಯಿತು. ಎದೆಯ ಮೇಲೆ ಮಗಳು ಉಸಿರು ಹಿಡಿದು ಕಾಯುತ್ತಿದ್ದಳು. ಕೇಶರಬಾಯಿ ಸೆರಗು ಬಿಟ್ಟಳು, ತಡೆಯದೆ ಕೆಮ್ಮಿದಳು.